ತೆರೆ ಮೇಲೆ ಕಾಯಿಲೆ ಶಾಪವಾಗುತ್ತದೆ, ಪ್ರೀತಿ ಕಾಯಿಲೆಯಾಗುತ್ತದೆ. ಯಾಕೆ?

ಸಕ್ಕರೆ ಕಾಯಿಲೆ ಇರುವ ನಾಯಕನನ್ನು ಕನ್ನಡ ಸಿನಿಮಾದಲ್ಲಿ ನೋಡಿದ ನೆನಪಿದೆಯಾ? ಕಾಮಿಡಿಗೆ ಇಟ್ಟ ಪಾತ್ರ ಅಲ್ಲ, ಕಥೆಯ ನಾಯಕ. ಊಟಕ್ಕೆ ಮುಂಚೆ ಇನ್ಸುಲಿನ್ ಚುಚ್ಚಿಕೊಳ್ಳುತ್ತಾನೆ. ಆಮೇಲೆ ಎಲ್ಲರಂತೆ ಪ್ರೀತಿ ಮಾಡುತ್ತಾನೆ, ಜಗಳ ಆಡುತ್ತಾನೆ, ಸಾಲ ತೀರಿಸುತ್ತಾನೆ. ಸಿನಿಮಾ ಮುಗಿದಾಗಲೂ ಅವನಿಗೆ ಸಕ್ಕರೆ ಕಾಯಿಲೆ ಇದ್ದೇ ಇರುತ್ತದೆ. ಅಂಥ ಒಂದು ಪಾತ್ರ ನನಗಂತೂ ನೆನಪಿಗೆ ಬರುತ್ತಿಲ್ಲ. ದಾವಣಗೆರೆಯ ಪಿ.ಜೆ. ಬಡಾವಣೆಯ ಯಾವ ಮೆಡಿಕಲ್ ಶಾಪ್ ಮುಂದೆ ಸಂಜೆ ಹೊತ್ತು ನಿಂತರೂ ತಿಂಗಳ ಮಾತ್ರೆ ಒಯ್ಯಲು ಬಂದವರು ಸಿಗುತ್ತಾರೆ. ಬಿಪಿ, ಶುಗರ್, ಥೈರಾಯ್ಡ್, ಸಂಧಿವಾತ, ಫಿಟ್ಸ್. ಇಷ್ಟು ಜನರ ದಿನನಿತ್ಯದ ಬದುಕು ತೆರೆಗೆ ಬರುವುದೇ ಅಪರೂಪ.

ಇನ್ನೊಂದು ಕಥೆ ಹುಡುಕಿ ನೋಡಿ. ಇಬ್ಬರು ಹೆಂಗಸರು ಪ್ರೀತಿಸುತ್ತಾರೆ, ಬಾಡಿಗೆ ಮನೆ ಹುಡುಕುತ್ತಾರೆ, ಗ್ಯಾಸ್ ಬುಕ್ ಮಾಡುತ್ತಾರೆ, ಕೂದಲು ಬೆಳ್ಳಗಾಗುವವರೆಗೂ ಜೊತೆಗಿರುತ್ತಾರೆ. ಅದೂ ಸುಲಭಕ್ಕೆ ಸಿಗಲ್ಲ.

ಹಾಗಂತ ಸಿನಿಮಾ, ಧಾರಾವಾಹಿ, ಕಾದಂಬರಿಗಳಲ್ಲಿ ಕಾಯಿಲೆಗೆ ಬರ ಇಲ್ಲ. ಬೇಕಾದಷ್ಟಿದೆ. ಆದರೆ ಅಲ್ಲಿ ಅದು ಬರೀ ಕಾಯಿಲೆಯಾಗಿ ಇರುವುದಿಲ್ಲ. ಹಳೇ ಪಾಪದ ಫಲವಾಗಿರುತ್ತದೆ, ತ್ಯಾಗದ ಗುರುತಾಗಿರುತ್ತದೆ, ಇಲ್ಲವೇ ಖಳನ ಮನಸ್ಸಿನ ಕೊಳಕು ಚರ್ಮದ ಮೇಲೆ ಎದ್ದು ಬಂದಿರುತ್ತದೆ. ಸಲಿಂಗಿಗಳು, ದ್ವಿಲಿಂಗಿಗಳು, ಟ್ರಾನ್ಸ್‌ಜೆಂಡರ್ ಜನ ಎಲ್ಲರನ್ನೂ ಸೇರಿಸಿ ಈಗ ಕ್ವಿಯರ್ ಎನ್ನುತ್ತೇವಲ್ಲ, ಅವರ ಗತಿಯೂ ಅದೇ. ನಗಿಸಲು ಬರುತ್ತಾರೆ, ದೆವ್ವವಾಗಿ ಬರುತ್ತಾರೆ, ವಿಚಿತ್ರ ಶಕ್ತಿಯ ಜೀವಿಯಾಗಿ ಬರುತ್ತಾರೆ. ಮನುಷ್ಯರಾಗಿ ಬರುವುದು ಕಡಿಮೆ. ಎರಡೂ ಕಡೆ ಕೆಲಸ ಮಾಡುತ್ತಿರುವುದು ರೂಪಕ. ಅದು ಹೇಗೆ ಕೆಲಸ ಮಾಡುತ್ತದೆ, ಇವರ ಮೇಲೆಯೇ ಯಾಕೆ ಜಾಸ್ತಿ ಬೀಳುತ್ತದೆ ಅನ್ನುವುದನ್ನು ಬಿಡಿಸಿ ನೋಡೋಣ.

ಮುಖ ಮತ್ತು ಕಮಲ

ಹೈಸ್ಕೂಲಿನಲ್ಲಿ ಅಲಂಕಾರದ ಪಾಠ ಎಲ್ಲರೂ ಓದಿದ್ದೇವೆ. ಸೀತೆಯ ಮುಖ ಕಮಲದಂತೆ ಅರಳಿತು ಎಂದರೆ ಉಪಮೆ. ಸೀತೆಯ ಮುಖಕಮಲ ಅರಳಿತು ಎಂದರೆ ರೂಪಕ. ಪರೀಕ್ಷೆಗೆ ಬಾಯಿಪಾಠ ಮಾಡಿದ ಈ ಸಣ್ಣ ವ್ಯತ್ಯಾಸದಲ್ಲೇ ನಮ್ಮ ವಿಷಯದ ಅರ್ಧ ಇದೆ. ಉಪಮೆಯಲ್ಲಿ ಎರಡು ವಸ್ತುಗಳ ನಡುವೆ ಜಾಗ ಇರುತ್ತದೆ. ಮುಖ ಬೇರೆ, ಕಮಲ ಬೇರೆ, ಹೋಲಿಕೆ ಮಾತ್ರ. ರೂಪಕದಲ್ಲಿ ಆ ಜಾಗ ಹೋಗುತ್ತದೆ. ಮುಖವೇ ಕಮಲ.

ಕವಿತೆಯಲ್ಲಿ ಇದರಿಂದ ಯಾರಿಗೂ ತೊಂದರೆ ಇಲ್ಲ. ಕಮಲ ಅಂದ ಮಾತ್ರಕ್ಕೆ ಸೀತೆಯನ್ನು ಯಾರೂ ಕೆರೆಗೆ ಹಾಕುವುದಿಲ್ಲ. ಆದರೆ ಕಾಯಿಲೆಯವರ ವಿಷಯದಲ್ಲಿ ಆ ಜಾಗ ಹೋದರೆ ತೊಂದರೆ ಇದೆ. ಕುಷ್ಠ ಪಾಪದ ಹಾಗೆ ಎಂದು ಹೇಳುವುದು ಒಂದು ಮಾತು. ಕುಷ್ಠವೇ ಪಾಪ ಎಂದು ಕಥೆ ತೋರಿಸಿದರೆ, ಕುಷ್ಠ ಬಂದವನು ಪಾಪಿಯೇ ಆಗುತ್ತಾನೆ. ಅವನು ಎದ್ದು ನಿಂತು ನಾನೇನೂ ಮಾಡಿಲ್ಲ ಎನ್ನಲು ಜಾಗವೇ ಉಳಿಯುವುದಿಲ್ಲ. ಸಿನಿಮಾ ಮಾತಿಗಿಂತ ಜಾಸ್ತಿ ಚಿತ್ರದಲ್ಲಿ ಹೇಳುವ ಮಾಧ್ಯಮ. ಚಿತ್ರದಲ್ಲಿ 'ಹಾಗೆ', 'ಅಂತೆ' ಎಂದು ಸೇರಿಸಿ ತೋರಿಸುವುದು ಕಷ್ಟ. ಹಾಗಾಗಿ ಅಲ್ಲಿ ಉಪಮೆಯಾಗಿ ಶುರುವಾದದ್ದೂ ಬೇಗ ರೂಪಕವಾಗಿಬಿಡುತ್ತದೆ.

ಕೆಮ್ಮು, ಕರ್ಚೀಫು, ರಕ್ತ

ಹಳೇ ಸಿನಿಮಾಗಳ ಕ್ಷಯ ನೆನಪಿಸಿಕೊಳ್ಳಿ. ಒಳ್ಳೆಯ ಮನಸ್ಸಿನ, ಬಡವ, ಕಲಾವಿದನಂಥ ಮನುಷ್ಯ. ಕೆಮ್ಮುತ್ತಾನೆ, ಬಿಳಿ ಕರ್ಚೀಫಿನ ಮೇಲೆ ಕೆಂಪು ಕಲೆ. ಇನ್ನು ಇವನು ಉಳಿಯುವುದಿಲ್ಲ, ಇವನ ಪ್ರೀತಿ ಪವಿತ್ರ ಎಂದು ನಮಗೆ ತಿಳಿದುಬಿಡುತ್ತದೆ. ಡಾಕ್ಟರ್ ಬಂದು ಏನೂ ಹೇಳಬೇಕಾಗಿಲ್ಲ.

ಅಮೆರಿಕದ ಲೇಖಕಿ ಸೂಸನ್ ಸೊಂಟಾಗ್ ಈ ವಿಷಯದ ಮೇಲೆ 1978ರಲ್ಲಿ ಒಂದು ಪುಸ್ತಕ ಬರೆದರು. ಅದಕ್ಕೆ ಸ್ವಲ್ಪ ಮುಂಚೆ ಅವರಿಗೇ ಸ್ತನ ಕ್ಯಾನ್ಸರ್ ಆಗಿತ್ತು. ಅವರು ತೋರಿಸಿದ್ದು ಇಷ್ಟು. 19ನೇ ಶತಮಾನದ ಯುರೋಪಿನ ಸಾಹಿತ್ಯದಲ್ಲಿ ಕ್ಷಯ ಸೂಕ್ಷ್ಮ ಮನಸ್ಸಿನವರ ಕಾಯಿಲೆ. 20ನೇ ಶತಮಾನದಲ್ಲಿ ಕ್ಯಾನ್ಸರ್ ಭಾವನೆಗಳನ್ನು ಒಳಗೇ ಅದುಮಿಟ್ಟವರ ಕಾಯಿಲೆ. ಎರಡೂ ಸುಳ್ಳು. ಎರಡರಲ್ಲೂ ಕಾಯಿಲೆಯವರೇ ತಮ್ಮ ಸ್ವಭಾವದಿಂದ ಕಾಯಿಲೆ ತಂದುಕೊಂಡರು ಎನ್ನುವ ಆರೋಪ ಒಳಗೆ ಅಡಗಿದೆ. ಕಾರಣ ಗೊತ್ತಿಲ್ಲದ, ಮದ್ದು ಸರಿಯಾಗಿ ಇಲ್ಲದ ಕಾಯಿಲೆಯ ಮೇಲೆಯೇ ಇಂಥ ಅರ್ಥಗಳು ಜಾಸ್ತಿ ಕೂರುತ್ತವೆ ಎಂದೂ ಅವರು ಹೇಳಿದರು. ರಾಬರ್ಟ್ ಕಾಖ್ ಕ್ಷಯದ ಬ್ಯಾಕ್ಟೀರಿಯಾ ಕಂಡುಹಿಡಿದದ್ದು 1882ರಲ್ಲಿ. ಅದನ್ನು ಕೊಲ್ಲುವ ಮೊದಲ ಔಷಧಿ ಸ್ಟ್ರೆಪ್ಟೊಮೈಸಿನ್ ಸಿಕ್ಕಿದ್ದು 1940ರ ದಶಕದಲ್ಲಿ. ಈ ಎರಡರ ನಡುವೆ ಇಷ್ಟು ವರ್ಷ ಕಥೆಗಳು ಬೆಳೆದವು. ಈಗ ಸರ್ಕಾರಿ ಆಸ್ಪತ್ರೆಯಲ್ಲಿ ಕ್ಷಯಕ್ಕೆ ಪುಕ್ಕಟೆ ಮಾತ್ರೆ ಸಿಗುತ್ತದೆ. ಸಾಮಾನ್ಯವಾಗಿ ಆರು ತಿಂಗಳಿನ ಕೋರ್ಸ್. ಕರ್ಚೀಫಿನ ಕಲೆ ನೋಡಿ ಕಣ್ಣೀರು ಹಾಕುವುದೂ ಕಡಿಮೆಯಾಗಿದೆ.

ತೊನ್ನಿಗೆ ಈ ಬಿಡುಗಡೆ ಇನ್ನೂ ಸಿಕ್ಕಿಲ್ಲ. ಚರ್ಮಕ್ಕೆ ಬಣ್ಣ ಕೊಡುವ ಕೋಶಗಳ ಮೇಲೆ ದೇಹದ ರಕ್ಷಣಾ ವ್ಯವಸ್ಥೆಯೇ ದಾಳಿ ಮಾಡಿದಾಗ ತೊನ್ನು ಬರುತ್ತದೆ. ಮುಟ್ಟಿದರೆ ಅಂಟುವುದಿಲ್ಲ. ಆದರೂ ನಮ್ಮ ಕಡೆ ಹುಡುಗಿ ನೋಡಲು ಹೋದವರು ಮೊಣಕೈ ಮೇಲಿನ ಬಿಳಿ ಮಚ್ಚೆಯನ್ನು ಹೇಗೆ ನೋಡುತ್ತಾರೆ ಎಂದು ಎಲ್ಲರಿಗೂ ಗೊತ್ತು.

ಕ್ಯಾನ್ಸರ್‌ಗೆ ಅಂಟಿಕೊಂಡಿರುವುದು ಯುದ್ಧದ ಮಾತು. ಗೆದ್ದು ಬಂದರು, ಹೋರಾಡಿ ಸೋತರು ಎಂದು ಪತ್ರಿಕೆಗಳು ಬರೆಯುತ್ತವೆ. ಪ್ರೀತಿಯಿಂದಲೇ ಬರೆಯುತ್ತಾರೆ, ಅದು ನನಗೆ ಅರ್ಥವಾಗುತ್ತದೆ. ಆದರೆ ತೀರಿಕೊಂಡವರ ಹೆಂಡತಿ ಅದನ್ನು ಓದಿದಾಗ ಏನು ಅನ್ನಿಸಬಹುದು? ಅವರ ಯಜಮಾನರು ಸರಿಯಾಗಿ ಹೋರಾಡಲಿಲ್ಲ ಅಂತಲಾ? ಅದೇ ಪತ್ರಿಕೆಯ ಇನ್ನೊಂದು ಪುಟದಲ್ಲಿ ಭ್ರಷ್ಟಾಚಾರವನ್ನು ಸಮಾಜದ ಕ್ಯಾನ್ಸರ್ ಎಂದು ಕರೆದಿರುತ್ತಾರೆ. ಕೀಮೋ ಮುಗಿಸಿ ಬಂದು ಕೂತವರೂ ಆ ಪುಟವನ್ನು ಓದುತ್ತಾರೆ.

ಗುಣ ಇಲ್ಲವೇ ಸಾವು

ಇಷ್ಟೆಲ್ಲ ರೂಪಕ ಯಾಕೆ ಬೇಕಾಗುತ್ತದೆ? ನನಗೆ ಕಾಣುವ ಮುಖ್ಯ ಕಾರಣ ಒಂದೇ. ಕಥೆಗೆ ಕೊನೆ ಬೇಕು. ಎರಡೂವರೆ ಗಂಟೆಯಲ್ಲಿ ಮುಗಿಯಬೇಕು. ಕಾಯಿಲೆ ಬಂದರೆ ಒಂದೋ ಗುಣವಾಗಬೇಕು, ಇಲ್ಲವೇ ಸಾಯಬೇಕು. ದೀರ್ಘಕಾಲದ ಕಾಯಿಲೆ ಈ ಎರಡನ್ನೂ ಮಾಡುವುದಿಲ್ಲ. ಅದು ಸುಮ್ನೆ ಇರುತ್ತದೆ. ಮೂವತ್ತು ವರ್ಷ, ನಲವತ್ತು ವರ್ಷ ಇರುತ್ತದೆ.

ನಮ್ಮ ಪರಿಚಯದ ಒಬ್ಬ ಹೆಣ್ಣುಮಗಳಿದ್ದಾರೆ, ದಾವಣಗೆರೆಯವರೇ. ಅವರಿಗೆ ರುಮಟಾಯ್ಡ್ ಸಂಧಿವಾತ. ಬೆಳಗ್ಗೆ ಎದ್ದಾಗ ಬೆರಳು ಮಡಚಲು ಬರುವುದಿಲ್ಲ. ನಲ್ಲಿ ತಿರುಗಿಸಲು ಮುಂಗೈ ಒತ್ತುತ್ತಾರೆ. ಬಿಸಿನೀರಿನ ಪಾತ್ರೆಯಲ್ಲಿ ಕೈ ಇಟ್ಟುಕೊಂಡು ಕೂರುತ್ತಾರೆ. ಒಂದು ಗಂಟೆ, ಕೆಲವೊಮ್ಮೆ ಇನ್ನೂ ಹೆಚ್ಚು ಹೊತ್ತು ಹಿಡಿಯುತ್ತದೆ. ಹತ್ತು ಗಂಟೆಗೆ ಅದೇ ಕೈಯಲ್ಲಿ ಜೋಳದ ರೊಟ್ಟಿ ತಟ್ಟುತ್ತಾರೆ. ನೋಡಿದವರು, ಚೆನ್ನಾಗೇ ಇದ್ದೀರಲ್ಲ ಎನ್ನುತ್ತಾರೆ. ಮೆಥೊಟ್ರೆಕ್ಸೇಟ್ ಎನ್ನುವ ಮಾತ್ರೆ ವಾರಕ್ಕೆ ಒಂದೇ ದಿನ. ದಿನಾ ತಗೊಂಡರೆ ಅಪಾಯ. ಅದಕ್ಕೇ ಕ್ಯಾಲೆಂಡರಿನ ಪ್ರತಿ ಭಾನುವಾರಕ್ಕೆ ಕೆಂಪು ಪೆನ್ನಿನಲ್ಲಿ ಗುರುತು ಹಾಕಿಟ್ಟಿದ್ದಾರೆ. ಮಾತ್ರೆಯ ಮಾರನೇ ದಿನ ಹೊಟ್ಟೆ ತೊಳಸುತ್ತದೆ. ಮನೆಗೆ ನೆಂಟರನ್ನು ಕರೆಯುವುದಿದ್ದರೆ ಸೋಮವಾರ ಬೇಡ ಎನ್ನುತ್ತಾರೆ. ನೆಂಟರಿಗೆ ಕಾರಣ ಹೇಳುವುದಿಲ್ಲ.

ಇದರಲ್ಲಿ ಕ್ಲೈಮ್ಯಾಕ್ಸ್ ಎಲ್ಲಿದೆ? ಚಿತ್ರಕಥೆ ಬರೆಯುವವರು ಇಲ್ಲಿ ಕೈಚೆಲ್ಲುತ್ತಾರೆ. ಕೊನೆಯಿಲ್ಲದ್ದಕ್ಕೆ ಕೊನೆ ಕೊಡಲು ಅರ್ಥ ತುಂಬುತ್ತಾರೆ. ಕಾಯಿಲೆ ಶಿಕ್ಷೆಯಾದರೆ ಕ್ಷಮೆಯಲ್ಲಿ ಮುಗಿಸಬಹುದು. ಪರೀಕ್ಷೆಯಾದರೆ ಗೆಲುವಿನಲ್ಲಿ ಮುಗಿಸಬಹುದು. ತ್ಯಾಗವಾದರೆ ಸಾವಿನಲ್ಲಿ. ಸೋಮವಾರದ ಹೊಟ್ಟೆ ತೊಳಸುವಿಕೆಯನ್ನು ಯಾವುದರಲ್ಲೂ ಮುಗಿಸಲು ಬರುವುದಿಲ್ಲ.

ಕ್ವಿಯರ್ ಬದುಕಿಗೂ ಇದೇ ಆಗುತ್ತದೆ. ಅದೂ ಒಂದು ದಿನ ಬಂದು ಒಂದು ದಿನ ಹೋಗುವ ಸಮಸ್ಯೆಯಲ್ಲ. ಅದು ಆ ಮನುಷ್ಯ. ಕಥೆ ಮಾತ್ರ ಅದನ್ನು ಸಮಸ್ಯೆಯನ್ನಾಗಿ ಮಾಡಿ, ಒಂದೋ ಮದುವೆ ಮಾಡಿಸಿ ಸರಿಮಾಡುತ್ತದೆ, ಇಲ್ಲವೇ ಸಾಯಿಸುತ್ತದೆ. ಎರಡೂ ಕಡೆ ಕಥೆಗಾರರ ಕೈಯಲ್ಲಿ ಒಂದೇ ಸಲಕರಣೆ ಇದೆ. ಹಾಗಾಗಿ ಕಾಯಿಲೆಯ ರೂಪಕ ಕ್ವಿಯರ್ ಜನರಿಗೆ, ಕ್ವಿಯರ್ ಜನರ ಮೇಲಿನ ಆರೋಪ ಕಾಯಿಲೆಯವರಿಗೆ ಅದಲುಬದಲಾಗುತ್ತಾ ಇರುತ್ತದೆ. ಗುಟ್ಟು, ಅಂಟು, ಶಾಪ, ಪರಿಹಾರ: ಈ ನಾಲ್ಕೂ ಎರಡು ಕಡೆಯೂ ಓಡಾಡುತ್ತವೆ.

ಇದಕ್ಕೆ ಬಗ್ಗದ ಒಂದು ಕನ್ನಡ ಸಿನಿಮಾ ನಮ್ಮಲ್ಲೇ ಇದೆ. ಚಿತ್ರದುರ್ಗದ ಕೋಟೆಯನ್ನು 'ನಾಗರಹಾವು' ಮೂಲಕ ಮನೆಮನೆಗೆ ತಲುಪಿಸಿದ ಪುಟ್ಟಣ್ಣ ಕಣಗಾಲ್ ಅವರೇ ಮಾಡಿದ 'ಶರಪಂಜರ'. ತ್ರಿವೇಣಿಯವರ ಕಾದಂಬರಿ, ಕಲ್ಪನಾ ಅಭಿನಯ. ಹೆರಿಗೆಯ ನಂತರ ಕಾವೇರಿಗೆ ಮಾನಸಿಕ ಕಾಯಿಲೆ ಬರುತ್ತದೆ. ಆಸ್ಪತ್ರೆಯಲ್ಲಿ ಸುಧಾರಿಸಿ ಮನೆಗೆ ಬರುತ್ತಾಳೆ. ಮನೆಯವರು, ಅಕ್ಕಪಕ್ಕದವರು, ಗಂಡ, ಯಾರೂ ಅವಳನ್ನು ಸುಧಾರಿಸಿದವಳಾಗಿ ನೋಡುವುದಿಲ್ಲ. ಹೆಸರಿನಲ್ಲೇ ರೂಪಕ ಇದೆ, ಬಾಣಗಳ ಪಂಜರ. ಆದರೆ ಅದು ಯಾರ ಮೇಲಿದೆ ನೋಡಿ. ಬಾಣ ಕಾವೇರಿಯ ಕಾಯಿಲೆಯಲ್ಲ, ಸುತ್ತಲಿನವರ ಮಾತು. ಕಾಯಿಲೆ ಬರೀ ಕಾಯಿಲೆಯಾಗಿಯೇ ಉಳಿದಿದೆ, ರೂಪಕ ನಮ್ಮ ಕಡೆ ತಿರುಗಿದೆ. ಐವತ್ತು ವರ್ಷದ ಹಿಂದೆಯೇ ಇಷ್ಟು ಸರಿಯಾಗಿ ಗುರಿ ಇಟ್ಟವರು ಇದ್ದರು ಎನ್ನುವುದು ನನಗೆ ಇವತ್ತಿಗೂ ಹೆಮ್ಮೆ.

ಮ್ಯುಟೆಂಟ್‌ಗಳು ಮತ್ತು ತೋಳಮನುಷ್ಯ

ಹಾಲಿವುಡ್ ಕಡೆ ಬರೋಣ. ನಮ್ಮ ಹುಡುಗರು ಮೊಬೈಲಿನಲ್ಲಿ ನೋಡುವುದು ಅದನ್ನೇ ಅಲ್ವಾ. ಎಕ್ಸ್-ಮೆನ್ ಕಾಮಿಕ್ಸ್ 1963ರಲ್ಲಿ ಶುರುವಾಯಿತು. ಹುಟ್ಟಿನಿಂದಲೇ ಬೇರೆ ಥರದ ಶಕ್ತಿ ಇರುವ ಮ್ಯುಟೆಂಟ್‌ಗಳು, ಅವರಿಗೆ ಹೆದರುವ ಸಮಾಜ. 2003ರ ಸಿನಿಮಾದಲ್ಲಿ ಒಬ್ಬ ಹುಡುಗ ತಾನು ಮ್ಯುಟೆಂಟ್ ಎಂದು ಅಪ್ಪ ಅಮ್ಮನಿಗೆ ಹೇಳುತ್ತಾನೆ. ಅಮ್ಮ ಕೇಳುವುದು, ಮ್ಯುಟೆಂಟ್ ಆಗದೆ ಇರೋಕೆ ಪ್ರಯತ್ನ ಮಾಡಿ ನೋಡಿದೆಯಾ ಅಂತ. ಮನೆಯಲ್ಲಿ ತಾನು ಸಲಿಂಗಿ ಎಂದು ಹೇಳಿಕೊಂಡ ಯಾವ ಹುಡುಗನಿಗೂ ಈ ಪ್ರಶ್ನೆ ಗೊತ್ತು. ನೇರವಾಗಿ ಹೇಳಿದ್ದರೆ ಎದ್ದು ಹೋಗುತ್ತಿದ್ದ ಪ್ರೇಕ್ಷಕ ಇಲ್ಲಿ ಕೂತು ಆ ಹುಡುಗನಿಗಾಗಿ ಮರುಗುತ್ತಾನೆ. ರೂಪಕದ ಒಳ್ಳೆಯ ಕೆಲಸ ಇದು. ಮುಚ್ಚಿದ ಬಾಗಿಲನ್ನು ತೆರೆಸುತ್ತದೆ.

2006ರ ಮುಂದಿನ ಭಾಗದಲ್ಲಿ ಒಂದು ಕಂಪನಿ ಮ್ಯುಟೆಂಟ್‌ತನಕ್ಕೆ ಮದ್ದು ಕಂಡುಹಿಡಿಯುತ್ತದೆ. ಸ್ಟಾರ್ಮ್ ಎನ್ನುವವಳು ಸಿಟ್ಟಾಗುತ್ತಾಳೆ. ನಮ್ಮಲ್ಲಿ ಗುಣಪಡಿಸಲು ಏನೂ ಇಲ್ಲ ಎನ್ನುತ್ತಾಳೆ. ರೋಗ್ ಎನ್ನುವ ಹುಡುಗಿ ಹೋಗಿ ಆ ಮದ್ದನ್ನು ತೆಗೆದುಕೊಳ್ಳುತ್ತಾಳೆ. ಅವಳು ಯಾರನ್ನು ಮುಟ್ಟಿದರೂ ಅವರ ಜೀವಶಕ್ತಿ ಹೀರಿಹೋಗುತ್ತದೆ. ಪ್ರೀತಿಸಿದ ಹುಡುಗನ ಕೈ ಹಿಡಿಯಲೂ ಆಗುವುದಿಲ್ಲ.

ಇಬ್ಬರಲ್ಲಿ ಯಾರು ಸರಿ? ಇಬ್ಬರೂ ಸರಿ. ಸ್ಟಾರ್ಮ್ ಮಾತಾಡುತ್ತಿರುವುದು ಕ್ವಿಯರ್ ಬದುಕಿನ ಮಾತು. ರೋಗ್ ಅನುಭವಿಸುತ್ತಿರುವುದು ದೀರ್ಘ ಕಾಯಿಲೆಯ ನೋವು. ಒಂದೇ ರೂಪಕದಲ್ಲಿ ಎರಡನ್ನೂ ತುಂಬಿದ್ದರಿಂದ ಮದ್ದು ಬೇಕೋ ಬೇಡವೋ ಎನ್ನುವ ಪ್ರಶ್ನೆಗೆ ಸಿನಿಮಾ ಉತ್ತರ ಕೊಡಲಾಗಲಿಲ್ಲ. ನಿಜ ಜೀವನದಲ್ಲಿ ಉತ್ತರ ಅಷ್ಟು ಕಷ್ಟವಿಲ್ಲ. ಸಂಧಿವಾತಕ್ಕೆ ನಾಳೆಯೇ ಮದ್ದು ಬಂದರೆ ಮೇಲೆ ಹೇಳಿದ ಹೆಣ್ಣುಮಗಳು ಮೊದಲ ಸಾಲಿನಲ್ಲಿ ನಿಲ್ಲುತ್ತಾರೆ. ಹುಡುಗಿಯನ್ನು ಪ್ರೀತಿಸುವ ಹುಡುಗಿಗೆ ಮದ್ದು ಬೇಕಾಗಿಲ್ಲ. ಈ ವ್ಯತ್ಯಾಸವನ್ನು ಅಳಿಸಿಹಾಕಿದರೆ ಇಬ್ಬರಿಗೂ ಅನ್ಯಾಯ.

ಇನ್ನೊಂದು ತೊಂದರೆ ಇದಕ್ಕಿಂತ ದೊಡ್ಡದು. ಮ್ಯುಟೆಂಟ್ ಕಣ್ಣು ಬಿಟ್ಟರೆ ಕಟ್ಟಡ ಸುಟ್ಟುಹೋಗಬಹುದು. ಅವರನ್ನು ಕಂಡು ಹೆದರುವುದಕ್ಕೆ ಕಥೆಯೊಳಗೆ ಕಾರಣ ಇದೆ. ಸಲಿಂಗಿ ಹುಡುಗನನ್ನು ಕಂಡು ಹೆದರಲು ಏನು ಕಾರಣ ಇದೆ? ರೂಪಕ ಕರುಣೆ ಹುಟ್ಟಿಸುತ್ತಲೇ, ಭಯಕ್ಕೂ ಅರ್ಥ ಇದೆ ಎಂದು ಒಪ್ಪಿಸಿಬಿಡುತ್ತದೆ.

ಹ್ಯಾರಿ ಪಾಟರ್ ಕಥೆಗಳಲ್ಲಿ ಇದು ಇನ್ನೂ ಸ್ಪಷ್ಟವಾಗಿ ಕಾಣುತ್ತದೆ. ಅಲ್ಲಿ ಲೂಪಿನ್ ಎಂಬ ಮೇಷ್ಟ್ರು ಇದ್ದಾರೆ. ಹುಣ್ಣಿಮೆಗೆ ತೋಳವಾಗುತ್ತಾರೆ. ತಿಂಗಳು ತಿಂಗಳು ಔಷಧಿ ಕುಡಿಯಬೇಕು. ಗುಟ್ಟು ಹೊರಬಿದ್ದಾಗ ಕೆಲಸ ಬಿಡಬೇಕಾಗುತ್ತದೆ. ಈ ತೋಳತನ ಎಚ್‌ಐವಿಯಂಥ ಕಳಂಕ ಹೊತ್ತ ಕಾಯಿಲೆಗಳಿಗೆ ರೂಪಕ ಎಂದು ಲೇಖಕಿ ಜೆ.ಕೆ. ರೌಲಿಂಗ್ ಅವರೇ ಬರೆದಿದ್ದಾರೆ. ಲೂಪಿನ್ ಒಳ್ಳೆಯ ಪಾತ್ರ. ಓದಿದವರೆಲ್ಲ ಇಷ್ಟಪಡುತ್ತಾರೆ. ಆದರೆ ಅದೇ ಕಥೆಯಲ್ಲಿ ಗ್ರೇಬ್ಯಾಕ್ ಎಂಬ ಇನ್ನೊಬ್ಬ ತೋಳಮನುಷ್ಯ ಇದ್ದಾನೆ. ಅವನು ಬೇಕೆಂದೇ ಮಕ್ಕಳನ್ನು ಹುಡುಕಿ ಕಚ್ಚುತ್ತಾನೆ, ತನ್ನಂತೆ ಮಾಡಲು. ತೋಳತನ ಎಚ್‌ಐವಿ ಎಂದಾದರೆ ಗ್ರೇಬ್ಯಾಕ್ ಯಾರು? ಬೇಕೆಂದೇ ಸೋಂಕು ಹರಡುತ್ತಾರೆ, ಮಕ್ಕಳನ್ನು ಕೆಡಿಸುತ್ತಾರೆ ಎಂದು ಎಚ್‌ಐವಿ ಇರುವವರ ಮೇಲೆ, ಸಲಿಂಗಿಗಳ ಮೇಲೆ ಹೊರಿಸುತ್ತಾ ಬಂದ ಹಳೇ ಸುಳ್ಳು ಅಲ್ಲಿ ಬಂದು ಕೂತಿದೆ. ಲೇಖಕಿ ಉದ್ದೇಶಪಟ್ಟು ಮಾಡಿದರು ಎಂದು ನಾನು ಹೇಳುತ್ತಿಲ್ಲ. ರೂಪಕ ಒಮ್ಮೆ ಹೊರಟರೆ ಬರೆದವರ ಮಾತನ್ನೂ ಕೇಳುವುದಿಲ್ಲ.

ಎರಡೂ ಸೇರಿದ ಜಾಗ

ಕಾಯಿಲೆ ಮತ್ತು ಕ್ವಿಯರ್ ಬದುಕು ನಿಜವಾಗಿಯೂ ಒಂದಕ್ಕೊಂದು ಕಟ್ಟಿಕೊಂಡದ್ದು ಎಚ್‌ಐವಿಯಲ್ಲಿ. 1981ರ ಜೂನ್‌ನಲ್ಲಿ ಅಮೆರಿಕದಿಂದ ಬಂದ ಮೊದಲ ವರದಿ ಲಾಸ್ ಏಂಜಲೀಸ್‌ನ ಐವರು ಸಲಿಂಗಿ ಗಂಡಸರ ಬಗ್ಗೆ ಇತ್ತು. ಸ್ವಲ್ಪ ಕಾಲ ಆ ಕಾಯಿಲೆಗೆ ಸಲಿಂಗಿಗಳ ಕಾಯಿಲೆ ಎನ್ನುವ ಅರ್ಥದ ಹೆಸರೇ ಇತ್ತು. 1982ರಲ್ಲಿ ಏಡ್ಸ್ ಎಂದು ಬದಲಾಯಿತು. ಹೆಸರು ಬದಲಾದರೂ ಅಂಟಿದ ಅರ್ಥ ಬಿಡಲಿಲ್ಲ. ಭಾರತದಲ್ಲಿ ಮೊದಲು ಗೊತ್ತಾದದ್ದು 1986ರಲ್ಲಿ, ಚೆನ್ನೈನ ಲೈಂಗಿಕ ಕಾರ್ಯಕರ್ತೆಯರಲ್ಲಿ. ನಮ್ಮಲ್ಲಿ ಅದು ಹೆಚ್ಚಾಗಿ ಹರಡಿದ್ದು ಗಂಡು ಹೆಣ್ಣಿನ ನಡುವೆಯೇ. ಹಾಗಾಗಿ ಇಲ್ಲಿ ಬೈಗುಳ ಬೇರೆಯವರ ಮೇಲೂ ಬಿತ್ತು. ದಾವಣಗೆರೆ, ಚಿತ್ರದುರ್ಗ ಎರಡೂ ಪುಣೆ-ಬೆಂಗಳೂರು ಹೆದ್ದಾರಿಯ ಊರುಗಳು. ಲಾರಿ ಡ್ರೈವರ್‌ಗಳೇ ಕಾಯಿಲೆಯ ಗುರುತಾದರು. ತಲೆಬುರುಡೆಯ ಪೋಸ್ಟರ್‌ಗಳು ಬಂದವು. ಮಾರಿ, ಮಹಾಮಾರಿ ಎಂದು ಬರೆದರು. ಮನೆಯಲ್ಲೇ ಗಂಡನಿಂದ ಸೋಂಕು ತಗುಲಿದ ಹೆಂಗಸು ಆ ಪೋಸ್ಟರಿನ ಮುಂದೆ ಹಾದು ಆಸ್ಪತ್ರೆಗೆ ಹೋಗಬೇಕಿತ್ತು.

ಇದಕ್ಕೆ ಇನ್ನೊಂದು ಮುಖವೂ ಇದೆ, ಅದನ್ನು ಹೇಳದಿದ್ದರೆ ತಪ್ಪಾಗುತ್ತದೆ. ಸಲಿಂಗ ಸಂಬಂಧವನ್ನು ಅಪರಾಧ ಮಾಡಿದ್ದ 377ನೇ ಕಲಂ ವಿರುದ್ಧ 2001ರಲ್ಲಿ ದೆಹಲಿ ಹೈಕೋರ್ಟಿಗೆ ಹೋದದ್ದು ಎಚ್‌ಐವಿ ಕೆಲಸ ಮಾಡುತ್ತಿದ್ದ ನಾಜ್ ಫೌಂಡೇಶನ್. ಜನ ಹೆದರಿ ಅಡಗಿದರೆ ಕಾಯಿಲೆ ತಡೆಯುವುದು ಹೇಗೆ ಎನ್ನುವುದು ಅವರ ಒಂದು ವಾದ. 2009ರಲ್ಲಿ ಗೆಲುವು, 2013ರಲ್ಲಿ ಸುಪ್ರೀಂ ಕೋರ್ಟಿನಲ್ಲಿ ಸೋಲು, ಕೊನೆಗೆ 2018ರ ಸೆಪ್ಟೆಂಬರ್ 6ರಂದು ಒಪ್ಪಿಗೆಯ ಸಂಬಂಧ ಅಪರಾಧವಲ್ಲ ಎಂಬ ತೀರ್ಪು. ಅದಾದ ನಾಲ್ಕೇ ದಿನಕ್ಕೆ, ಸೆಪ್ಟೆಂಬರ್ 10ರಂದು, ಎಚ್‌ಐವಿ ಇರುವವರನ್ನು ಕೆಲಸದಲ್ಲಿ, ಶಾಲೆಯಲ್ಲಿ, ಆಸ್ಪತ್ರೆಯಲ್ಲಿ ಬೇರೆ ಮಾಡಬಾರದು ಎನ್ನುವ 2017ರ ಕಾಯ್ದೆ ಜಾರಿಗೆ ಬಂತು. ಕರ್ನಾಟಕದ ಎಷ್ಟೋ ಜಿಲ್ಲೆಗಳಲ್ಲಿ ಕ್ವಿಯರ್ ಜನ ಹೆದರದೆ ಒಟ್ಟಿಗೆ ಕೂರಲು ಸಿಕ್ಕ ಮೊದಲ ಕೋಣೆ ಎಚ್‌ಐವಿ ಯೋಜನೆಯ ಡ್ರಾಪ್ ಇನ್ ಸೆಂಟರ್. ಅಲ್ಲಿ ಸ್ನೇಹ ಸಿಕ್ಕಿತು, ಸಂಘ ಕಟ್ಟಿದರು. ಆದರೆ ಆ ಕೋಣೆಗೆ ಬರಬೇಕಾದರೆ ಅಪಾಯದ ಗುಂಪು ಎನ್ನುವ ಹಣೆಪಟ್ಟಿಯನ್ನು ಒಪ್ಪಿಕೊಂಡೇ ಬರಬೇಕಿತ್ತು.

ಈಗ ವಿಜ್ಞಾನ ಎಲ್ಲಿದೆ? ಸರ್ಕಾರ 2004ರಿಂದ ಎಚ್‌ಐವಿಗೆ ಪುಕ್ಕಟೆ ಔಷಧಿ ಕೊಡುತ್ತಿದೆ. ಈಗ ಬಹಳ ಜನರಿಗೆ ದಿನಕ್ಕೊಂದು ಮಾತ್ರೆ ಸಾಕು. ಸರಿಯಾಗಿ ತಗೊಂಡು ರಕ್ತದಲ್ಲಿ ವೈರಸ್ ಪರೀಕ್ಷೆಗೆ ಸಿಗದಷ್ಟು ಕಡಿಮೆಯಾಗಿ ಉಳಿದರೆ ಲೈಂಗಿಕ ಸಂಪರ್ಕದಿಂದ ಇನ್ನೊಬ್ಬರಿಗೆ ಹರಡುವುದಿಲ್ಲ. ದೊಡ್ಡ ಅಧ್ಯಯನಗಳಲ್ಲಿ ಇದು ಖಚಿತವಾಗಿದೆ. ಅಂದರೆ ಎಚ್‌ಐವಿ ಈಗ ಬಿಪಿಯ ಹಾಗೆ ಮಾತ್ರೆ ತಗೊಂಡು ಬದುಕುವ ಕಾಯಿಲೆ. ಧಾರಾವಾಹಿಯಲ್ಲಿ ಮಾತ್ರ ರಿಪೋರ್ಟ್ ಕೈಗೆ ಬಂದ ಕೂಡಲೇ ಗುಡುಗು, ಮಿಂಚು, ಆಮೇಲೆ ಹಾಸಿಗೆ.

ಅಮ್ಮ ಬಂದಾಗ

ರೂಪಕ ಎಂದರೆ ಕೆಟ್ಟದ್ದೇ ಎಂದು ಹೇಳಲು ನಮ್ಮ ಸೀಮೆಯವರಿಗೆ ಆಗುವುದಿಲ್ಲ. ಎರಡು ವರ್ಷಕ್ಕೊಮ್ಮೆ ದುಗ್ಗಮ್ಮನ ಜಾತ್ರೆ ಮಾಡುವ ಊರು ನಮ್ಮದು. ಮಗುವಿಗೆ ಮೈಮೇಲೆ ಗುಳ್ಳೆ ಎದ್ದರೆ ಅಮ್ಮ ಬಂದಿದ್ದಾಳೆ ಎನ್ನುತ್ತೇವೆ. ಹಾಸಿಗೆಗೆ ಬೇವಿನ ಸೊಪ್ಪು. ಮನೆಯಲ್ಲಿ ಒಗ್ಗರಣೆ ಇಲ್ಲ. ಹೊರಗಿನವರು ಒಳಗೆ ಬರುವಂತಿಲ್ಲ. ಮಗುವನ್ನು ಗದರುವಂತಿಲ್ಲ, ಅದು ಈಗ ದೇವಿ. ಕೊನೆಗೆ ಬೇವಿನ ನೀರಿನ ಸ್ನಾನ, ಮೊಸರನ್ನದ ಎಡೆ. ನೋಡಿ, ಇದರಲ್ಲಿ ಏನೇನಿದೆ. ಸೋಂಕು ಹರಡದಂತೆ ಬೇರೆ ಇಡುವುದಿದೆ, ವಿಶ್ರಾಂತಿ ಇದೆ. ಎಲ್ಲಕ್ಕಿಂತ ಮುಖ್ಯವಾಗಿ, ಕಾಯಿಲೆಯಾದ ಮಗುವಿನ ಮೇಲೆ ಅಸಹ್ಯ ಇಲ್ಲ. ಡಾಕ್ಟರ್ ಹತ್ತಿರ ಹೋಗಲು ಈ ನಂಬಿಕೆ ಅಡ್ಡ ಬಂದರೆ ಅಪಾಯ, ಅದು ನಿಜ. ಆದರೆ ಕಾಯಿಲೆಯವರನ್ನು ನೋಡುವ ಕಣ್ಣು ಇಲ್ಲಿ ಮೆತ್ತಗಿದೆ.

ಎಲ್ಲಮ್ಮನ ಕಥೆ ಇನ್ನೂ ಆಳವಾಗಿದೆ. ದಿನಾ ಹಸಿ ಮರಳಿನಲ್ಲಿ ಕೊಡ ಮಾಡಿ ನೀರು ತರುವ ರೇಣುಕೆ. ಒಂದು ದಿನ ಹೊಳೆಯಲ್ಲಿ ಆಡುವ ಗಂಧರ್ವರನ್ನು ನೋಡಿ ಮನಸ್ಸು ಕದಲುತ್ತದೆ, ಕೊಡ ಒಡೆಯುತ್ತದೆ. ಜಮದಗ್ನಿ ಶಾಪ ಕೊಡುತ್ತಾನೆ, ಮೈತುಂಬ ಚರ್ಮರೋಗ. ಸವದತ್ತಿಯ ಜೋಗುಳಬಾವಿಯಲ್ಲಿ ಮಿಂದು ಗುಣವಾಗಿ ಬಂದರೂ ಅವನ ಸಿಟ್ಟು ಇಳಿಯುವುದಿಲ್ಲ. ತಾಯಿಯ ತಲೆ ಕಡಿಯಿರಿ ಎಂದು ಮಕ್ಕಳಿಗೆ ಹೇಳುತ್ತಾನೆ. ಒಪ್ಪದ ಮಕ್ಕಳಿಗೂ ಶಾಪ. ಕೆಲವು ಜನಪದ ಹೇಳಿಕೆಗಳಲ್ಲಿ ಅವರು ಗಂಡಸುತನ ಕಳೆದುಕೊಳ್ಳುತ್ತಾರೆ. ಒಂದೇ ಬಾಯಿಂದ ಎರಡು ಶಾಪ: ತಾಯಿಗೆ ಕಾಯಿಲೆ, ಮಕ್ಕಳಿಗೆ ಬೇರೆ ಲಿಂಗ. ಈ ಲೇಖನದ ಇಡೀ ವಿಷಯ ಆ ಕಥೆಯಲ್ಲಿದೆ. ಆದರೆ ಜನ ಅದನ್ನು ಅಲ್ಲಿಗೇ ಬಿಡಲಿಲ್ಲ. ಶಾಪ ಕೊಟ್ಟವನಿಗಿಂತ ಶಾಪ ಉಂಡವಳನ್ನು ದೊಡ್ಡ ದೇವಿ ಮಾಡಿದರು. ಗಂಡಾಗಿ ಹುಟ್ಟಿ, ದೇವಿಗೆ ಮುಡಿಪಾಗಿ ಹೆಣ್ಣಾಗಿ ಬದುಕುವ ಜೋಗಪ್ಪಗಳಿಗೆ ಅವಳ ಹೆಸರಿನಲ್ಲಿ ಸೀರೆ, ಅರಿಶಿನ, ಚೌಡಿಕೆ ವಾದ್ಯ, ತಲೆ ಮೇಲೆ ಕೊಡ, ಊರೊಳಗೆ ಒಂದು ಜಾಗ ಸಿಕ್ಕಿತು.

ಆ ಜಾಗಕ್ಕೆ ಬೆಲೆಯೂ ಇತ್ತು. ದೇವಿ ಒಲಿದವರಾಗಿ ಇದ್ದರೆ ಮಾತ್ರ ಮರ್ಯಾದೆ. ದೇವಿಯ ಮಾತಿಲ್ಲದೆ, ನಾನು ಹೀಗೇ, ನನಗೆ ಕೆಲಸ ಬೇಕು, ಸಂಗಾತಿ ಬೇಕು ಎಂದರೆ ಬಾಗಿಲು ಮುಚ್ಚುತ್ತದೆ. ಜೋಗತಿ ಮಂಜಮ್ಮ ಅವರ ಬದುಕು ಇದನ್ನು ತೋರಿಸುತ್ತದೆ. ಮನೆಯಿಂದ ಹೊರಬಿದ್ದು, ಭಿಕ್ಷೆ ಬೇಡಿ, ಸಾಯುವ ಯೋಚನೆಯನ್ನೂ ಮಾಡಿದ್ದ ದಿನಗಳಲ್ಲಿ ಅವರು ದಾವಣಗೆರೆಯಲ್ಲಿ ಒಬ್ಬ ತಂದೆ ಮಗನನ್ನು ಕಂಡರು. ತಂದೆ ಹಾಡುತ್ತಿದ್ದ, ಮಗ ತಲೆ ಮೇಲೆ ಕೊಡ ಇಟ್ಟು ಕುಣಿಯುತ್ತಿದ್ದ. ಅವರಿಂದ ಕಲಿತು ಶುರುಮಾಡಿದ ಜೋಗತಿ ನೃತ್ಯ ಅವರನ್ನು 2019ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷತೆಗೆ, 2021ರಲ್ಲಿ ಪದ್ಮಶ್ರೀಗೆ ತಲುಪಿಸಿತು. ಅವರು ರಾಷ್ಟ್ರಪತಿಗೆ ಸೆರಗಿನಿಂದ ದೃಷ್ಟಿ ತೆಗೆದ ದೃಶ್ಯವನ್ನು ಟೀವಿಗಳು ಮತ್ತೆ ಮತ್ತೆ ತೋರಿಸಿದವು. ಆಶೀರ್ವಾದ ಮಾಡುವ ಕೈ ಎಲ್ಲರಿಗೂ ಇಷ್ಟ. ಅದೇ ಕೈ ಬಾಡಿಗೆ ಮನೆಯ ಬಾಗಿಲು ತಟ್ಟಿದಾಗ ಏನಾಗುತ್ತದೆ ಎಂದು ಆ ದಿನ ಎಷ್ಟು ಚಾನೆಲ್‌ಗಳು ಕೇಳಿದವು?

ರೂಪಕವನ್ನು ತಿಳಿದೇ ಬಳಸಿದ ಒಂದು ಉದಾಹರಣೆ ಮಂಡ್ಯ ಜಿಲ್ಲೆಯಲ್ಲಿದೆ. 1997ರಲ್ಲಿ ಅಲ್ಲಿನ ಒಂದು ಹಳ್ಳಿಯಲ್ಲಿ ಒಬ್ಬ ಶಾಲಾ ಮೇಷ್ಟ್ರು ಏಡ್ಸಮ್ಮನ ಗುಡಿ ಕಟ್ಟಿಸಿದರು. ಕಲ್ಲಿನ ಮೇಲೆ ಗಂಡು, ಹೆಣ್ಣು, ವೈರಸ್ಸಿನ ಚಿತ್ರ. ಜೊತೆಗೆ ಕಾಯಿಲೆ ಹೇಗೆ ಹರಡುತ್ತದೆ, ಹೇಗೆ ತಡೆಯಬೇಕು ಎನ್ನುವ ಮಾಹಿತಿ. ಸಿಡುಬಿಗೆ ಅಮ್ಮ ಇದ್ದಾಗ ಕಾಯಿಲೆಯವರನ್ನು ದೂರ ತಳ್ಳಿರಲಿಲ್ಲ ಎನ್ನುವ ಹಳೇ ನೆನಪನ್ನು ಅವರು ಹೊಸ ಕಾಯಿಲೆಗೆ ತಂದರು. ದೇವಿಯ ಪಕ್ಕದಲ್ಲೇ ವಿಜ್ಞಾನವನ್ನೂ ಇಟ್ಟರು. ಒಂದು ಇನ್ನೊಂದನ್ನು ನುಂಗಲು ಬಿಡಲಿಲ್ಲ.

'ಇದು ಕಾಯಿಲೆ ಅಲ್ಲ' ಎಂದ ಮೇಲೆ

ಸಲಿಂಗ ಪ್ರೀತಿ ಕಾಯಿಲೆ ಅಲ್ಲ ಎಂದು ವೈದ್ಯಕೀಯ ಲೋಕ ಹೇಳಿ ಬಹಳ ಕಾಲವಾಯಿತು. ಅಮೆರಿಕದ ಮನೋವೈದ್ಯರ ಸಂಘ 1973ರಲ್ಲಿ ಹೇಳಿತು. ವಿಶ್ವ ಆರೋಗ್ಯ ಸಂಸ್ಥೆ 1990ರ ಮೇ 17ರಂದು ತನ್ನ ಪಟ್ಟಿಯಿಂದ ತೆಗೆಯಿತು. ಭಾರತೀಯ ಮನೋವೈದ್ಯರ ಸಂಘ 2018ರಲ್ಲಿ ಹೇಳಿತು. ಗುಣಪಡಿಸುತ್ತೇವೆ ಎಂದು ಚಿಕಿತ್ಸೆ ಕೊಡುವುದು ವೃತ್ತಿಯ ದುರ್ನಡತೆ ಎಂದು ರಾಷ್ಟ್ರೀಯ ವೈದ್ಯಕೀಯ ಆಯೋಗ 2022ರಲ್ಲಿ ತಿಳಿಸಿತು. ಇಷ್ಟಾದರೂ ಮಗನನ್ನು ಕರೆದುಕೊಂಡು ಹಾರ್ಮೋನ್ ಇಂಜೆಕ್ಷನ್ ಕೊಡಿ ಎಂದು ಕೇಳುವ ಅಪ್ಪ ಅಮ್ಮ ಈಗಲೂ ಇದ್ದಾರೆ. ತೆರೆ ಮೇಲೆ ನೋಡಿದ ಅರ್ಥ ಅವರನ್ನು ಅಲ್ಲಿಗೆ ಕಳಿಸುತ್ತದೆ.

ಹಾಗಾಗಿ ಇದು ಕಾಯಿಲೆ ಅಲ್ಲ ಎನ್ನುವ ಮಾತು ಜೋರಾಗಿ ಹೇಳಲೇಬೇಕು. ಆದರೆ ಹೇಳುವ ದನಿಯಲ್ಲಿ ಒಂದು ಎಚ್ಚರ ಬೇಕು. ನಾವು ರೋಗಿಗಳಲ್ಲ, ನಾವು ಆರೋಗ್ಯವಂತರು, ಅದಕ್ಕೇ ನಮಗೆ ಮರ್ಯಾದೆ ಕೊಡಿ ಎನ್ನುವಾಗ, ಕಾಯಿಲೆ ಇದ್ದವರಿಗೆ ಮರ್ಯಾದೆ ಬೇಡವಾ ಎನ್ನುವ ಪ್ರಶ್ನೆ ಹಿಂದೆ ಉಳಿಯುತ್ತದೆ. ಲೂಪಸ್ ಎನ್ನುವ ದೀರ್ಘಕಾಲದ ಕಾಯಿಲೆ ಇರುವ ಲೆಸ್ಬಿಯನ್ ಹುಡುಗಿ ಏನು ಮಾಡಬೇಕು? ಎಚ್‌ಐವಿ ಇರುವ ಟ್ರಾನ್ಸ್ ಮಹಿಳೆ? ಡಯಾಲಿಸಿಸ್‌ಗೆ ಹೋಗುವ ಜೋಗಪ್ಪನ ಜೊತೆ ಆಸ್ಪತ್ರೆಯಲ್ಲಿ ಸಂಬಂಧಿಕರ ಜಾಗದಲ್ಲಿ ಸಹಿ ಹಾಕುವವರು ಯಾರು? ಸಲಿಂಗ ವಿವಾಹಕ್ಕೆ ಕಾನೂನಿನ ಮಾನ್ಯತೆ ಕೊಡಲು ಸುಪ್ರೀಂ ಕೋರ್ಟ್ 2023ರ ಅಕ್ಟೋಬರ್‌ನಲ್ಲಿ ಒಪ್ಪಲಿಲ್ಲ. ಸಹಿಯ ಪ್ರಶ್ನೆ ಹುಟ್ಟುವುದೇ ಅಲ್ಲಿಂದ. ಇಂಥವರಿಗೆ ಎರಡು ರೂಪಕಗಳ ಭಾರ ಒಟ್ಟಿಗೆ ಬೀಳುತ್ತದೆ. ಅವರ ಕಥೆ ಹೇಳಿದ ಕನ್ನಡ ಧಾರಾವಾಹಿ ನಾನು ನೋಡಿಲ್ಲ.

ದಾರಿ ಇಲ್ಲ ಎಂದೇನಲ್ಲ. 2015ರಲ್ಲಿ ಬಂದ 'ನಾನು ಅವನಲ್ಲ ಅವಳು' ಸಿನಿಮಾ ಲಿವಿಂಗ್ ಸ್ಮೈಲ್ ವಿದ್ಯಾ ಅವರ ಆತ್ಮಕಥೆಯಿಂದ ಬಂದದ್ದು. ಅಲ್ಲಿ ಟ್ರಾನ್ಸ್ ಮಹಿಳೆ ಯಾವುದಕ್ಕೂ ರೂಪಕ ಅಲ್ಲ. ಅವಳಿಗೆ ಹಸಿವಾಗುತ್ತದೆ, ರೈಲಿನಲ್ಲಿ ಭಿಕ್ಷೆ ಬೇಡುತ್ತಾಳೆ, ಆಪರೇಷನ್ ಆದಾಗ ದೇಹ ನೋಯುತ್ತದೆ. ಸಂಚಾರಿ ವಿಜಯ್ ಅವರಿಗೆ ರಾಷ್ಟ್ರ ಪ್ರಶಸ್ತಿ ಬಂದದ್ದು ನ್ಯಾಯವೇ. ಟ್ರಾನ್ಸ್ ಕಲಾವಿದರೇ ಅಂಥ ಪಾತ್ರ ಮಾಡುವ ಕಾಲ ಬೇಗ ಬರಲಿ ಎನ್ನುವುದೂ ನನ್ನ ಆಸೆ.

ಈಗ ದಾವಣಗೆರೆ, ಚಿತ್ರದುರ್ಗದ ಕಾಲೇಜು ಹುಡುಗ ಹುಡುಗಿಯರು ಮೊಬೈಲಿನಲ್ಲೇ ಕಿರುಚಿತ್ರ ಮಾಡುತ್ತಾರೆ. ವಿಷಯವೂ ಧೈರ್ಯದ್ದೇ ಆರಿಸಿಕೊಳ್ಳುತ್ತಾರೆ. ಅವರಿಗೆ ಹೇಳಬೇಕಾದದ್ದು ಇಷ್ಟೇ. ಕಾಯಿಲೆಯ ಪಾತ್ರ ಬರೆಯುವಾಗ, ಏಪ್ರಿಲ್‌ನಲ್ಲಿ ಕರೆಂಟ್ ಹೋದರೆ ಅವಳು ಇನ್ಸುಲಿನ್ ಎಲ್ಲಿ ಇಡುತ್ತಾಳೆ ಎಂದು ಕೇಳಿಕೊಳ್ಳಿ. ಎಷ್ಟೋ ಮನೆಗಳಲ್ಲಿ ನೀರು ಹಾಕಿದ ಮಣ್ಣಿನ ಗಡಿಗೆಯಲ್ಲಿ ಇಡುತ್ತಾರೆ. ಅದನ್ನು ತೋರಿಸಿ, ಅದಕ್ಕೆ ಹಿನ್ನೆಲೆ ಸಂಗೀತ ಬೇಕಾಗಿಲ್ಲ. ಕ್ವಿಯರ್ ಪಾತ್ರ ಬರೆಯುವಾಗ, ಅವನಿಗೆ ಪ್ರೀತಿ ಬಿಟ್ಟು ಬೇರೆ ಏನೇನು ಚಿಂತೆ ಇದೆ ಎಂದು ಬರೆದುಕೊಳ್ಳಿ. ಪಿಯುಸಿ ಬ್ಯಾಕ್ ಸಬ್ಜೆಕ್ಟ್, ತಂಗಿಯ ಮದುವೆ, ಬೈಕಿನ ಕಂತು. ಸ್ಕ್ರಿಪ್ಟ್ ಮುಗಿದ ಮೇಲೆ ಆ ಬದುಕು ಬದುಕುತ್ತಿರುವ ಒಬ್ಬರಿಗೆ ಓದಲು ಕೊಡಿ. ಅವರು ಬೇಡ ಎಂದ ದೃಶ್ಯ ತೆಗೆದುಹಾಕಿ. ಅವರ ಸಮಯಕ್ಕೆ ಹಣ ಕೊಡಿ, ಕ್ಯಾಮೆರಾ ಬಾಡಿಗೆಗೆ ಕೊಡುವ ಹಾಗೆಯೇ.